ಅಪ್ಪನ ಡಿಫ್ಯೂಸು

ಮೊನ್ನೆ ನಮ್ಮ ಮುಲುಂಡಿನ ಮನೆಗೆ ಒಂದು ಡಿಫ್ಯೂಸರ್ ಬಂತು. ತಂದವಳು ಮೊಮ್ಮಗಳು ಅದಿತಿ. ಡಬ್ಬಿಯ ಮೇಲಿನ ಆ ಶಬ್ದ ಓದಿದೊಡನೆ ನಾನು ಖುಷಿಯಿಂದ ಎದ್ದು ಸ್ಟೂಲು ತರಲು ಹೋದೆ. ಹಾಲಿನಲ್ಲಿ ಮಗ ಹಾಕಿಸಿರುವ ಹೊಸ ದೀಪ ನೇರವಾಗಿ ಕಣ್ಣಿಗೆ ಚುಚ್ಚುತ್ತದೆ. ಅದಕ್ಕೊಂದು ಮಬ್ಬುಗಾಜು ಹಾಕಿಸಿರಪ್ಪಾ ಎಂದು ಎರಡು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ. ಕೊನೆಗೂ ಈ ಮನೆಯಲ್ಲಿ ಒಬ್ಬರ ಕಿವಿಗೆ ನನ್ನ ಮಾತು ಬಿತ್ತಲ್ಲ ಎಂದುಕೊಂಡು ಸ್ಟೂಲು ತಂದು ದೀಪದ ಕೆಳಗಿಟ್ಟೆ. ಅಷ್ಟರಲ್ಲಿ ಅವಳು ಡಬ್ಬಿಯಿಂದ ಬಿಳಿ ಚೊಂಬಿನಂಥದೊಂದನ್ನು ತೆಗೆದು, ಅದಕ್ಕೆ ನೀರು ಹಾಕಿ, ಎರಡು ಹನಿ ಎಣ್ಣೆ ಬಿಟ್ಟು, ಗುಂಡಿ ಒತ್ತಿದಳು. ಚೊಂಬಿನ ಬಾಯಿಂದ ಸಣ್ಣಗೆ ಹೊಗೆ ಎದ್ದಿತು. ಮದುವೆ ಮನೆಗೂ ಸಲ್ಲದ, ಆಸ್ಪತ್ರೆಗೂ ಸಲ್ಲದ ಒಂದು ವಾಸನೆ ಮನೆಯೆಲ್ಲ ಹರಡಿತು.

ದೀಪಕ್ಕೆ ಹಾಕುವುದು ಎಲ್ಲಿದೆ ಎಂದು ಕೇಳಿದೆ.

"ಅಜ್ಜಾ, ಇದು ಲೈಟ್‌ಗೆ ಅಲ್ಲ ನಾ. ಸ್ಟ್ರೆಸ್‌ಗೆ" ಎಂದಳು ಅವಳು.

ನನಗೆ ಸ್ಟ್ರೆಸ್ ಶುರುವಾದದ್ದೇ ಆಗ. ಸ್ಟೂಲನ್ನು ವಾಪಸು ಇಟ್ಟು, ನನ್ನ ಕೋಣೆಯ ಬಾಗಿಲು ಹಾಕಿಕೊಂಡು, ಹಳೆಯ ಡಿಕ್ಷನರಿ ತೆಗೆದೆ. ನೋಡಿದರೆ ಅವಳದೂ ತಪ್ಪಲ್ಲ. ಡಿಫ್ಯೂಸ್ ಅಂದರೆ ಬೆಳಕು ಚದುರುವುದು, ನಾಲ್ಕೂ ಕಡೆ ಒಂದೇ ಸಮ ಹರಡುವುದು. ವಾಸನೆ ಹರಡಿದರೂ ಅದೇ ಶಬ್ದ, ಸುದ್ದಿ ಹರಡಿದರೂ ಅದೇ. ಅದರ ಕೆಳಗೆ ಇನ್ನೊಂದು ಅರ್ಥ: ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಾದುದನ್ನು ಹತ್ತು ಪುಟ ಎಳೆಯುವ ಬರಹಗಾರನಿಗೂ ಇದೇ ವಿಶೇಷಣ ಹಚ್ಚಬಹುದಂತೆ. ಹಿಂದೆ ಒಬ್ಬ ಸಂಪಾದಕರು ನನ್ನ ಪ್ರಬಂಧವೊಂದನ್ನು ವಾಪಸು ಕಳಿಸುವಾಗ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಈ ಶಬ್ದವನ್ನೇ ಬರೆದಿದ್ದರು. ಆಗ ಅದನ್ನು ಹೊಗಳಿಕೆ ಎಂದು ತಿಳಿದು ಹೆಂಡತಿಗೆ ಓದಿ ತೋರಿಸಿದ್ದೆ. ಅಪ್ಪನ ಬಾಯಲ್ಲಿ ಅದು ಯಾವಾಗಲೂ ಒಳ್ಳೆಯ ಶಬ್ದವೇ ಆಗಿತ್ತು, ನಾನೇನು ಮಾಡಲಿ?

ಅಪ್ಪನ ವಿಷಯ ಬಂತಲ್ಲ, ಇನ್ನು ಬಿಡುವ ಹಾಗಿಲ್ಲ. ನಾನು ಹೇಳುತ್ತಿರುವುದು ಸಾವಿರದ ಒಂಬೈನೂರ ಐವತ್ತರ ದಶಕದ ಮಾತು. ಧಾರವಾಡದ ಕಡೆಯಿಂದ ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ನಮ್ಮಪ್ಪ ವಿಕ್ರೋಳಿಯ ಒಂದು ಗಾಜಿನ ಕಾರ್ಖಾನೆಯಲ್ಲಿ ಚೆಕರ್ ಆಗಿದ್ದ. ದೀಪಕ್ಕೆ ಹಾಕುವ ಹಾಲುಬಣ್ಣದ ಶೇಡು, ಕಿಟಕಿಗೆ ಹಾಕುವ ಮಬ್ಬುಗಾಜು ಅಲ್ಲಿ ತಯಾರಾಗುತ್ತಿದ್ದವು. ಅಪ್ಪನ ಕೆಲಸ ಇಷ್ಟೆ: ಕತ್ತಲ ಕೋಣೆಯಲ್ಲಿ ಉರಿಯುವ ಬಲ್ಬಿನ ಮುಂದೆ ಒಂದೊಂದೇ ಗಾಜು ಹಿಡಿಯುವುದು. ಬಲ್ಬಿನೊಳಗಿನ ತಂತಿ ಗಾಜಿನಾಚೆಯಿಂದ ಕಂಡರೆ ಆ ಗಾಜು ರಿಜೆಕ್ಟ್. ತಂತಿ ಕಾಣದೆ ಗಾಜಿನ ತುಂಬ ಬೆಳಕು ಸಮನಾಗಿ ನಿಂತರೆ ಪಾಸ್. ದಿನಕ್ಕೆ ನೂರಾರು ಗಾಜು. ಸಂಜೆ ಮನೆಗೆ ಬಂದವನು ಅರ್ಧ ಗಂಟೆ ಕಣ್ಣಿನ ಮೇಲೆ ಒದ್ದೆ ಪಂಚೆಯ ತುಂಡು ಹಾಕಿಕೊಂಡು ಮಲಗಿರುತ್ತಿದ್ದ.

ಕಾರ್ಖಾನೆಯ ಗೋರಾ ಸಾಹೇಬ ವಿಲಾಯತಿಗೆ ವಾಪಸು ಹೋಗುವಾಗ ಅಪ್ಪನಿಗೆ ಬಿಟ್ಟುಹೋದ ಆಸ್ತಿ ಈ ಒಂದು ಶಬ್ದ. ಅದನ್ನು ಅಪ್ಪ ಬಳಸದ ಜಾಗವಿರಲಿಲ್ಲ. ಸಾರು ನೀರಾದರೆ ಬ್ಯಾಳಿ ಡಿಫ್ಯೂಸ್ ಆಗಿದೆ ಎನ್ನುತ್ತಿದ್ದ. ನನ್ನ ಮುಖದ ಪೌಡರು ಒಂದೇ ಕಡೆ ನಿಂತಿದ್ದರೆ ಡಿಫ್ಯೂಸ್ ಆಗಿಲ್ಲ ಎಂದು ತನ್ನ ಒರಟು ಬೆರಳಿನಿಂದ ತಿಕ್ಕುತ್ತಿದ್ದ. ಲೋಕಲ್ ಗಾಡಿಯ ಬಾಗಿಲಲ್ಲಿ ಜನ ಗಿಜಿಗುಟ್ಟಿದ್ದರೆ ಒಳಗೆ ಡಿಫ್ಯೂಸ್ ಆಗಿರೆಂದು ಗದರುತ್ತಿದ್ದ. ಒಮ್ಮೆ ಘಾಟ್ಕೋಪರಿನಲ್ಲಿ ಒಬ್ಬ ಪೈಲವಾನ ಇದು ಯಾವುದೋ ಕೆಟ್ಟ ಬೈಗುಳ ಎಂದು ತಿಳಿದು ಅಪ್ಪನ ಕಾಲರು ಹಿಡಿದಿದ್ದ. ಅವ್ವ ನನ್ನೊಬ್ಬನನ್ನೇ ಬೈಯುತ್ತಿದ್ದರೆ ಸಿಟ್ಟು ಒಂದೇ ಕಡೆ ಬೀಳುತ್ತಿದೆ, ಸ್ವಲ್ಪ ಡಿಫ್ಯೂಸ್ ಮಾಡು ಎನ್ನುತ್ತಿದ್ದ. ಅವ್ವ ತಡವಿಲ್ಲದೆ ಅವನ ಕಡೆ ತಿರುಗುತ್ತಿದ್ದಳು. ನನಗಂತೂ ಆ ಶಬ್ದ ಕೇಳಿದರೆ ಮೈ ಉರಿಯುತ್ತಿತ್ತು. ಶಾಲೆಯಲ್ಲಿ ಸೈನ್ಸ್ ಮಾಸ್ತರರು ಅದನ್ನು ಬೋರ್ಡಿನ ಮೇಲೆ ಬರೆದ ದಿನ ಇವರೂ ನಮ್ಮಪ್ಪನ ಪಾರ್ಟಿಯೇ ಎಂದು ಬೇಜಾರಾಗಿತ್ತು.

ನಾವು ಇದ್ದದ್ದು ಕುರ್ಲಾದ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿ. ಮೂಲದಲ್ಲಿ ಅದು ಒಂದೇ ಉದ್ದನೆಯ ಖೋಲಿ. ಮಾಲೀಕ ಶೇಟ್ ನಡುವೆ ಹಲಗೆಯ ಗೋಡೆ ನಿಲ್ಲಿಸಿ ಒಂದನ್ನು ಎರಡು ಮಾಡಿದ್ದ. ಬೀದಿ ಕಡೆಯ ಗ್ಯಾಲರಿಗೆ ಬಾಗಿಲಿದ್ದ ಅರ್ಧ ನಮ್ಮದು. ನಳ, ಸಂಡಾಸು ಇರುವ ಹಿಂದಿನ ಗ್ಯಾಲರಿಗೆ ಬಾಗಿಲಿದ್ದ ಅರ್ಧ ಗಿರಿಜಕ್ಕನದು. ಖೋಲಿ ಎರಡಾದರೂ ಕರೆಂಟಿನ ಪಾಯಿಂಟು ಒಂದೇ ಉಳಿಯಿತು, ಅದು ನಮ್ಮ ಕಡೆ. ಗಿರಿಜಕ್ಕನಿಗೊಂದು ಪಾಯಿಂಟು ಕೊಡಿ ಎಂದು ಕೇಳಿದರೆ ಶೇಟ್ ಕೊಟ್ಟ ಉತ್ತರ, ಗೋಡೆಯ ಮೇಲ್ಭಾಗಕ್ಕೆ ಗಾಜು ಹಾಕಿಸಿದ್ದೇನಲ್ಲ ಎಂಬುದು. ಹಾಕಿಸಿದ್ದ, ಸುಳ್ಳಲ್ಲ. ಮೇಲೆ ಒಂದು ಮೊಳ ಎತ್ತರದ ತಿಳಿಗಾಜು ಇತ್ತು.

ಗಿರಿಜಕ್ಕ ಉಡುಪಿಯ ಕಡೆಯವಳು. ಗಂಡ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಅಡಿಗೆಯವನಾಗಿದ್ದು ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಹಗಲು ಎರಡು ಮನೆಯಲ್ಲಿ ಅಡಿಗೆ ಮಾಡುತ್ತಿದ್ದಳು, ಅದು ಹೊಟ್ಟೆಗೆ. ಖೋಲಿಯ ಬಾಡಿಗೆಗೆ ಸಂಜೆಯ ಕಾಜಾ ಕೆಲಸ. ಕಾಜಾ ಅಂದರೆ ಶರ್ಟಿನ ಗುಂಡಿ ತೂರಿಸುವ ತೂತು. ಮಾರ್ಕೆಟ್ಟಿನ ಹಿಂದಿನ ಹೊಲಿಗೆ ಕಾರ್ಖಾನೆಯವರು ಮಷೀನಿನಲ್ಲಿ ಶರ್ಟು ಹೊಲಿದು, ತೂತಿನ ಅಂಚನ್ನು ಕೈಯಲ್ಲಿ ಹೊಲಿಯುವುದಕ್ಕೆ ಇಂಥ ಹೆಂಗಸರಿಗೆ ಕೊಡುತ್ತಿದ್ದರು. ಸೋಮವಾರ, ಗುರುವಾರ ಗಿರಿಜಕ್ಕ ಶರ್ಟಿನ ಕಟ್ಟನ್ನು ಸೊಂಟಕ್ಕಿಟ್ಟುಕೊಂಡು ಬರುವುದನ್ನು ಇಡೀ ಚಾಳು ನೋಡುತ್ತಿತ್ತು. ಅವಳ ಕಾಜಾ ನೂಲು ಹಿಡಿದು ಅಳೆದ ಹಾಗೆ ಒಂದರ ಕೆಳಗೊಂದು ನೇರ ನಿಲ್ಲುತ್ತಿತ್ತು. ಈ ಕೆಲಸ ಕೈಬಿಟ್ಟರೆ ಊರಿನಲ್ಲಿ ಅಣ್ಣನ ಮನೆ ಸೇರಬೇಕು, ಅಲ್ಲಿ ಅತ್ತಿಗೆಯ ಕೈಯಿಂದ ಅನ್ನ ಹಾಕಿಸಿಕೊಂಡು ಬದುಕುವುದಕ್ಕಿಂತ ಈ ಕುರ್ಲಾದ ತಿಗಣೆಗಳೇ ವಾಸಿ ಎಂದು ಅವ್ವನ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಒಂದು ಸಂಜೆ ಅಪ್ಪ ಹಬ್ಬದ ಹೋಳಿಗೆ ಕೊಡಲು ಅವಳ ಕಡೆ ಹೋದವನು ಬಹಳ ಹೊತ್ತು ಬರಲೇ ಇಲ್ಲ. ಬಂದು ಊಟ ಮುಗಿಸಿದ. ಆಮೇಲೆ ಅವ್ವನಿಗೆ ಹೇಳಿದ. ನಮ್ಮ ಬಲ್ಬಿನ ಬೆಳಕು ಆ ತಿಳಿಗಾಜಿನಿಂದ ಹೋಗಿ ಎದುರುಗೋಡೆಯ ಮೇಲೆ ಒಂದು ಚೌಕವಾಗಿ ಬೀಳುತ್ತಿದೆಯಂತೆ, ಕೋಣೆಯ ಉಳಿದದ್ದೆಲ್ಲ ಕತ್ತಲೆಯಂತೆ. ಆ ಹೆಂಗಸು ಟ್ರಂಕಿನ ಮೇಲೆ ಮಣೆ ಇಟ್ಟು, ಅದರ ಮೇಲೆ ಕೂತು, ಬಟ್ಟೆಯನ್ನು ಆ ಚೌಕಕ್ಕೆ ಹಿಡಿದು ಹೊಲಿಯುತ್ತಿದ್ದಾಳಂತೆ.

"ಬೆಳಕಿನ ಕೆಲಸ ಮಾಡಿ ಪಗಾರ ತಗೊಳ್ಳಾವ ನಾನು. ನನ್ನ ಮನಿ ಬೆಳಕು ಹಿಂಗ ರಿಜೆಕ್ಟ್ ಆಗೇದ ಅಂತ ನನಗ ಗೊತ್ತಿಲ್ಲ ನೋಡು" ಎಂದ.

ಮರುವಾರ ಫೋರ್‌ಮನ್‌ನನ್ನು ಕೇಳಿ ಮೂಲೆ ಮುಕ್ಕಾದ ಒಂದು ಮಬ್ಬುಗಾಜು ತಂದ. ತಂದದ್ದೂ ಒಂದು ಕಥೆಯೇ. ಧೋತರದಲ್ಲಿ ಸುತ್ತಿ ಎದೆಗೆ ಅವಚಿಕೊಂಡು ವಿಕ್ರೋಳಿಯಲ್ಲಿ ಲೋಕಲ್ ಹತ್ತಿದ್ದಾನೆ. ಅಳದೆ ಮಿಸುಕಾಡದೆ ಇರುವ ಆ ಗಂಟನ್ನು ನೋಡಿ ಒಬ್ಬ ಮುದುಕಿ ಏನೇನೋ ಊಹಿಸಿಕೊಂಡು ಕಣ್ಣೀರು ಹಾಕಿ ಎದ್ದು ಜಾಗ ಕೊಟ್ಟಿದ್ದಾಳೆ. ಅಪ್ಪ ನಾಚಿಕೆಯಿಲ್ಲದೆ ಕುರ್ಲಾದವರೆಗೂ ಕೂತು ಬಂದ. ಭಾನುವಾರ ತಿಳಿಗಾಜು ಕಿತ್ತು ಮಬ್ಬುಗಾಜು ಕೂರಿಸಿದ, ಬಲ್ಬಿನ ವೈರನ್ನೂ ಎಳೆದು ಗೋಡೆಯ ಹತ್ತಿರಕ್ಕೆ ತಂದ. ಸಂಜೆ ಸ್ವಿಚ್ ಹಾಕಿ ನನ್ನನ್ನು ಹಿಂದಿನ ಗ್ಯಾಲರಿಗೆ ಓಡಿಸಿದ. ಹೋಗಿ ನೋಡಿದೆ. ಗಿರಿಜಕ್ಕನ ಕೋಣೆಯಲ್ಲಿ ಎಲ್ಲಿ ಕೂತರೂ ಸೂಜಿಗೆ ದಾರ ಪೋಣಿಸುವಷ್ಟು ಬೆಳಕಿತ್ತು. ಅವಳು ಕೋಣೆಯ ನಡುವೆ ನಿಂತು, ಅಂಗೈ ಚಾಚಿ, ಮಳೆ ಬಂತೋ ಇಲ್ಲವೋ ಎಂದು ನೋಡುವವರ ಹಾಗೆ ನೋಡಿಕೊಳ್ಳುತ್ತಿದ್ದಳು. ಅವತ್ತಿನಿಂದ ನಮ್ಮ ಶರ್ಟುಗಳ ಕಾಜಾಗಳೆಲ್ಲ ಅವಳವೇ. ಬೇಡವೆಂದರೆ ಅವ್ವನ ಮೇಲೆ ಸಿಟ್ಟಾಗುತ್ತಿದ್ದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಪುಣ್ಯಕಥೆ ಆಗುತ್ತಿತ್ತು. ಆದರೆ ನಾನು ಇದ್ದೇನಲ್ಲ ನಡುವೆ.

ಈಗ ನಮ್ಮ ನಳದ ವಿಷಯ ಸ್ವಲ್ಪ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಚಾಳಿನಲ್ಲಿ ಬೆಳಗ್ಗೆ ಒಂದೂವರೆ ತಾಸು ನೀರು ಬರುತ್ತಿತ್ತು. ಕೆಳಗಿನವರು ನಳ ತಿರುಗಿಸಿದರೆ ಎರಡನೆಯ ಮಾಳಿಗೆಯ ನಳದಲ್ಲಿ ನೀರು ದಾರದಷ್ಟು ಸಣ್ಣಗಾಗುತ್ತಿತ್ತು. ಅವ್ವ ಗ್ಯಾಲರಿಯ ಕಟಾಂಜನದ ಸರಳುಗಳ ಮೇಲೆ ಬಾಗಿ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಕೂಗಿದರೆ ಕೆಳಗಿನವರು ನಿಲ್ಲಿಸುತ್ತಿದ್ದರು, ನಮ್ಮ ಕೊಡ ತುಂಬುತ್ತಿತ್ತು. ಹುಟ್ಟಿದಂದಿನಿಂದ ನಾನು ನೋಡಿದ ಜಗತ್ತು ಇದು. ಒಬ್ಬರ ಕಡೆ ಹರಿದರೆ ಇನ್ನೊಬ್ಬರ ಕಡೆ ಕಡಿಮೆ. ಅವರದು ಬಂದ್ ಆದರೆ ನಮ್ಮದು ಜಾಸ್ತಿ. ಚಾಳಿನಲ್ಲಿ ಬೆಳೆದ ಯಾವ ಹುಡುಗನನ್ನು ಕೇಳಿದರೂ ಇದೇ ಹೇಳುತ್ತಿದ್ದ.

ನನ್ನ ಮ್ಯಾಟ್ರಿಕ್ ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಊರಿನಲ್ಲಿ ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಸುದ್ದಿ ಬಂತು. ಅಪ್ಪ ರಜೆ ಹಾಕಿ ಹೊರಟ. ನಾನು ದಿನಾ ಸಂಜೆ ಬಲ್ಬಿನ ಕೆಳಗೆ ಟ್ರಂಕಿನ ಮೇಲೆ ಪುಸ್ತಕ ಹರವಿ ಕೂರುತ್ತಿದ್ದೆ. ಆಲ್ಜಿಬ್ರಾ ತಲೆಗೆ ಹತ್ತುತ್ತಿರಲಿಲ್ಲ. ಹತ್ತದಿದ್ದಕ್ಕೆ ಕಾರಣ ಬೇಕಲ್ಲ, ಹುಡುಕಿದೆ. ತಲೆ ಎತ್ತಿದರೆ ಆ ಗಾಜು. ನಮ್ಮ ಬೆಳಕು ಅದರ ಮೂಲಕ ಸುಮ್ಮನೆ ಆ ಕಡೆ ಹರಿದು ಹೋಗುತ್ತಿತ್ತು. ನನ್ನ ಪುಸ್ತಕದ ಅಕ್ಷರ ಮಸುಕಾಗಿರುವುದು ಇದರಿಂದಲೇ ಎಂದು ನನಗೆ ಖಾತ್ರಿಯಾಯಿತು. ಆ ಕಡೆಯ ನಳ ಬಂದ್ ಮಾಡಿದರೆ ಈ ಕಡೆ ಧಾರೆ ದಪ್ಪಗಾಗುತ್ತದೆ, ಇದರಲ್ಲಿ ಯೋಚಿಸುವುದೇನಿದೆ?

ಅವ್ವನಿಗೆ ಹೇಳಿದೆ. ಪರೀಕ್ಷೆ ಎಂಬ ಶಬ್ದಕ್ಕೆ ನಮ್ಮ ಮನೆಯಲ್ಲಿ ದೇವರಿಗಿಂತ ಹೆಚ್ಚು ಮರ್ಯಾದೆ. ಅವಳು, ಗಿರಿಜಕ್ಕನಿಗೆ ಹೇಳಿ ಬಾ, ಪರೀಕ್ಷೆ ಮುಗಿಯುವವರೆಗೆ ಮಾತ್ರ ಎಂದಳು. ನಾನು ಹಿಂದಿನ ಗ್ಯಾಲರಿಗೆ ಹೋದೆ. ಗಿರಿಜಕ್ಕ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡವಳೇ ಹೇಗೆ ಓದುತ್ತಿದ್ದೀಯ, ಫಸ್ಟ್ ಕ್ಲಾಸು ಬರುತ್ತದೆಯಲ್ಲ ಎಂದು ಕೇಳಿದಳು. ಹೂಂ ಎಂದು ತಿರುಗಿ ಬಂದೆ. ಅವ್ವ ಹೇಳಿದೆಯಾ ಎಂದು ಕೇಳಿದ್ದಕ್ಕೂ ಹೂಂ ಎಂದೆ. ಪುಸ್ತಕದ ರಟ್ಟಿಗೆ ಹಾಕಿ ಉಳಿದಿದ್ದ ಖಾಕಿ ಕಾಗದವನ್ನು ಮೈದಾಹಿಟ್ಟಿನ ಅಂಟಿನಿಂದ ಗಾಜಿಗೆ ಎರಡು ಪದರ ಅಂಟಿಸಿದೆ. ಅವತ್ತು ಸಂಜೆ ಸ್ವಿಚ್ ಹಾಕಿದಾಗ ನನ್ನ ಪುಸ್ತಕ ಝಗಝಗ ಹೊಳೆಯಿತು. ಆಣೆಮಾಡಿ ಹೇಳುತ್ತೇನೆ, ಹೊಳೆದದ್ದು ನಿಜ. ಆಲ್ಜಿಬ್ರಾ ಕೂಡ ಎರಡು ದಿನ ಸುಲಭವಾಗಿತ್ತು.

ಮುಂದಿನದೆಲ್ಲ ಹೇಗೆ ನಡೆಯಿತೆಂದರೆ, ಈಗ ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಒಂದು ಬೆಳಗ್ಗೆ ನಳದ ಹತ್ತಿರ ಅವ್ವ ಗಿರಿಜಕ್ಕನಿಗೆ, ಹುಡುಗನ ಪರೀಕ್ಷೆ ಮುಗಿಯುವವರೆಗೆ ತ್ರಾಸಾಗುತ್ತದೆ, ಸ್ವಲ್ಪ ತಡೆದುಕೊಳ್ಳಿ ಎಂದಳಂತೆ. ಅದಕ್ಕೆ ಗಿರಿಜಕ್ಕ, ನನ್ನದೇನು ಬಿಡಿ, ನೀವು ತಡೆದುಕೊಂಡರೆ ಆಯಿತು ಎಂದಳಂತೆ. ಎಷ್ಟು ದೊಡ್ಡ ಮನಸ್ಸು ಎಂದು ಅವ್ವ ಒಳಗೆ ಬಂದು ಕಣ್ಣೊರೆಸಿಕೊಂಡಳು. ಮತ್ತೊಂದು ದಿನ ಗಿರಿಜಕ್ಕ ನನ್ನನ್ನು ಗ್ಯಾಲರಿಯ ತುದಿಗೆ ಕರೆದು, ಸೆರಗಿನಿಂದ ಎರಡು ಮೇಣಬತ್ತಿ ತೆಗೆದು ಕೈಗಿಟ್ಟಳು. "ಇಟ್ಟುಕೋ ಮಗ. ಕಣ್ಣು ಜಾಗ್ರತೆ" ಎಂದಳು. ಯಾಕೆ ಏನು ಎಂದು ನಾನು ಕೇಳಲಿಲ್ಲ. ಚಾಳಿನಲ್ಲಿ ಕೊಟ್ಟದ್ದನ್ನು ಯಾಕೆಂದು ಯಾರೂ ಕೇಳುವುದಿಲ್ಲ. ಒಂದನ್ನು ಟ್ರಂಕಿನ ಬಿಜಾಗರಿ ಕಿರ್ರೆನ್ನದ ಹಾಗೆ ಉಜ್ಜುವುದಕ್ಕೆ ಬಳಸಿದೆ, ಇನ್ನೊಂದು ಪುಸ್ತಕಗಳ ಕೆಳಗೆ ಬಿದ್ದಿತ್ತು.

ಪರೀಕ್ಷೆಗೆ ಹಾಕಿಕೊಳ್ಳಲು ಅವ್ವ ನನಗೊಂದು ಬಿಳಿ ಶರ್ಟು ಹೊಲಿಸಿದ್ದಳು. ಕಾಜಾಕ್ಕೆಂದು ಎರಡು ದಿನ ಮುಂಚೆ ಗಿರಿಜಕ್ಕನಿಗೆ ಕೊಟ್ಟಿದ್ದಳು. ಪರೀಕ್ಷೆಯ ಬೆಳಗ್ಗೆ ಸ್ನಾನ ಮಾಡಿ, ದೇವರಿಗೆ ನಮಸ್ಕಾರ ಮಾಡಿ, ಶರ್ಟು ತೊಟ್ಟು ಗುಂಡಿ ಹಾಕತೊಡಗಿದೆ. ಮೇಲಿನ ಎರಡು ಸರಿಯಾಗಿ ಬಿದ್ದವು. ಮೂರನೆಯದರ ಹತ್ತಿರ ಬಟ್ಟೆ ಸೊಟ್ಟಗೆ ಎಳೆಯಿತು. ಬಿಚ್ಚಿ ಮತ್ತೆ ಹಾಕಿದೆ. ಮತ್ತೆ ಸೊಟ್ಟಗಾಯಿತು. ನಾನು ತಪ್ಪಾಗಿ ಹಾಕಿಕೊಳ್ಳುತ್ತಿದ್ದೇನೆಂದು ಅವ್ವ ಬೈಯುತ್ತ ಬಂದು ತಾನೇ ಹಾಕತೊಡಗಿದಳು. ಅವಳ ಕೈಯೂ ಅಲ್ಲೇ ನಿಂತಿತು. ಮೂರನೆಯ ಕಾಜಾ ಅರ್ಧ ಬೆರಳು ಕೆಳಗಿತ್ತು, ಓರೆಯಾಗಿತ್ತು. ಅಂಚಿನ ಹೊಲಿಗೆ ಒಂದು ಕಡೆ ದಟ್ಟ, ಒಂದು ಕಡೆ ತೆಳು. ಪಕ್ಕದಲ್ಲಿ ಕಪ್ಪಗೆ ಒಂದು ಹೆಬ್ಬೆರಳಿನ ಗುರುತಿತ್ತು. ಅವ್ವ ಅದನ್ನು ಮೂಸಿ ನೋಡಿದಳು. ಘಾಸಲೇಟಿನ, ಅಂದರೆ ಸೀಮೆಎಣ್ಣೆಯ, ಚಿಮಣಿ ದೀಪದ ಕಾಡಿಗೆ ಅದು.

"ಗಿರಿಜಾನ ಕೈ ಹಿಂಗ ತಪ್ಪೂದಿಲ್ಲ" ಎಂದಳು. ಆಮೇಲೆ ನನ್ನ ಮುಖ ನೋಡಿದಳು. "ನೀ ಆಕಿಗೆ ಹೇಳೀ ಹೌದಲ್ಲೋ?"

ನಾನು ಪೆನ್ನಿಗೆ ಶಾಯಿ ತುಂಬತೊಡಗಿದೆ. ಪರೀಕ್ಷೆಯ ದಿನವಾದ್ದರಿಂದ ಅವಳು ಹೊಡೆಯಲಿಲ್ಲ, ಇನ್ನೂ ಪೇಪರುಗಳಿದ್ದವೆಂದು ಕಾಗದವನ್ನೂ ತೆಗೆಸಲಿಲ್ಲ. ಸೊಟ್ಟ ಶರ್ಟಿನಲ್ಲೇ ಹೋಗಿ ಇಂಗ್ಲಿಷ್ ಪೇಪರು ಬರೆದೆ. ಮೂರು ತಾಸು ಎಡಗೈ ಆ ಮೂರನೆಯ ಗುಂಡಿಯ ಮೇಲೇ ಇತ್ತು.

ಎರಡು ದಿನ ಬಿಟ್ಟು ಅಪ್ಪ ಊರಿಂದ ಬಂದ. ಸಂಜೆ ದೀಪ ಹಾಕಿದವನು ಮೇಲೆ ನೋಡಿದ. ಅವ್ವ ಎಲ್ಲ ಹೇಳಿದಳು. ಅಪ್ಪ ಬೈಯುತ್ತಾನೆ ಎಂದು ನಾನು ಮೈ ಬಿಗಿ ಹಿಡಿದು ನಿಂತಿದ್ದೆ. ಅವನು ಬೈಯದೆ ರೈಲ್ವೆ ಟೈಂಟೇಬಲ್ಲು ತಂದು, ಅತಿ ಸಣ್ಣ ಅಕ್ಷರದ ಪುಟ ತೆಗೆದು, ಟ್ರಂಕಿನ ಮೇಲಿಟ್ಟು, ಓದು ಎಂದ. ಓದಿದೆ. ಸ್ಟೂಲು ಹತ್ತಿ ಖಾಕಿ ಕಾಗದವನ್ನು ಪರಪರ ಹರಿದು ಕೆಳಗೆ ಹಾಕಿ, ಈಗ ಓದು ಎಂದ. ಮತ್ತೆ ಓದಿದೆ. ಅಕ್ಷರ ಮೊದಲಿನಷ್ಟೇ ಕಾಣುತ್ತಿತ್ತು. ಒಂದು ರಟ್ಟನ್ನು ಗಾಜಿಗೆ ಹಿಡಿದ, ತೆಗೆದ, ಹಿಡಿದ, ತೆಗೆದ. ಕಾರ್ಖಾನೆಯಲ್ಲಿ ದಿನಾ ಮಾಡುವ ಕೆಲಸದ ಹಾಗೆ ಶಾಂತವಾಗಿ ಮಾಡಿದ. ನನ್ನ ಪುಟದ ಮೇಲೆ ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ.

"ಬೆಳಕು ನಳದ ನೀರಲ್ಲಲೇ ಶೀನ್ಯಾ" ಎಂದ. "ಆ ಕಡೆ ಹೋಗೂದು ಎಂದೂ ನಿಂದಾಗಿರಲೇ ಇಲ್ಲ. ನಿನಗ ಏನೂ ಹೆಚ್ಚಾಗಲಿಲ್ಲ. ಆಕಿಗೆ ಪೂರಾ ಹೋತು."

ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಕದ್ದು ಲಾಭ ಮಾಡಿಕೊಂಡ ಕಳ್ಳನಿಗಾದರೂ ಒಂದು ಮರ್ಯಾದೆಯಿದೆ. ನಾನು ಕದ್ದೂ ಏನೂ ಪಡೆಯದವನು. ಆ ಶರ್ಟನ್ನೂ, ಪುಸ್ತಕದ ಕೆಳಗಿನ ಮೇಣಬತ್ತಿಯನ್ನೂ ತೆಗೆದುಕೊಂಡು ಹಿಂದಿನ ಗ್ಯಾಲರಿಗೆ ಹೋದೆ.

ಗಿರಿಜಕ್ಕ ಚಿಮಣಿ ಆರಿಸಿಟ್ಟು ನೆಲದ ಮೇಲೆ ಸುಮ್ಮನೆ ಕೂತಿದ್ದಳು. ಬೆಳಕು ವಾಪಸು ಬಂದಿತ್ತು. ಆದರೆ ಮೂಲೆಯಲ್ಲಿ ಶರ್ಟಿನ ಕಟ್ಟಿರಲಿಲ್ಲ. ಅವತ್ತು ಗುರುವಾರ, ಕಟ್ಟು ತರುವ ದಿನ. ನಾನು ಮೇಣಬತ್ತಿ ಅವಳ ಮುಂದಿಟ್ಟು, ಕಾಗದ ಅಂಟಿಸಿದ್ದು ನಾನೇ ಎಂದು ಹೇಳಿದೆ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಮತ್ತೆ ಬಿಡಿಸಿ ಹೇಳಿದೆ.

"ನಿಮ್ಮ ಬಲ್ಬು ಹೋಗಿದೆ ಅಂತ ನಾನು ಗ್ರಹಿಸಿದ್ದು ಮಾರಾಯ" ಎಂದಳು. "ಯಜಮಾನರು ಊರಲ್ಲಿಲ್ಲ, ಹೊಸತು ತರಲಿಕ್ಕೆ ಜನ ಇಲ್ಲ, ಕೇಳಲಿಕ್ಕೆ ನಿಮಗೆ ಸಂಕೋಚ ಅಂತ. ದಿನಾ ನೀನು ಗಟ್ಟಿಯಾಗಿ ಓದುವುದು ಕೇಳ್ತಿತ್ತಲ್ಲ. ಈ ಹುಡುಗ ಕತ್ತಲೆಯಲ್ಲಿ ಕೂತು ಎಷ್ಟು ಚೆಂದ ಬಾಯಿಪಾಠ ಹೇಳ್ತದೆ ಅಂತ ನಾನು ಗ್ರಹಿಸಿದ್ದು."

ಬಲ್ಬು ಹೋಗಿದೆಯೇ ಎಂದು ಒಂದು ಮಾತು ಕೇಳಬಹುದಿತ್ತಲ್ಲ ಎಂದು ನಾನೇ ಅವಳ ಮೇಲೆ ರೇಗಿದೆ. ನೋಡಿ ನನ್ನ ಸೊಕ್ಕು.

"ಹೇಗೆ ಕೇಳುವುದು? ಕೇಳಿದರೆ ನನಗೆ ಬೆಳಕು ಕೊಡಿ ಅಂತ ಕೇಳಿದ ಹಾಗೆ ಆಗುವುದಿಲ್ಲವಾ?"

ಆ ಗಾಜಿನ ಗುಣವೇ ಅಂಥದ್ದು. ಬೆಳಕು ದಾಟಿಸುತ್ತದೆ, ಆಚೆ ಯಾರು ಏನು ಮಾಡುತ್ತಿದ್ದಾರೆಂದು ತೋರಿಸುವುದಿಲ್ಲ. ಅಂಟಿಸಿದ ಕಾಗದವನ್ನೂ ತೋರಿಸಲಿಲ್ಲ. ಆ ಕಡೆಯಿಂದ ಬರೀ ಕತ್ತಲು ಕಂಡಿದೆ, ಅವಳು ಆ ಕತ್ತಲನ್ನು ನಮ್ಮದು ಎಂದು ತಿಳಿದು ತನ್ನ ಮೇಣಬತ್ತಿ ಪೊಟ್ಟಣದಲ್ಲಿ ಎರಡನ್ನು ನನಗೆ ಕೊಟ್ಟಿದ್ದಾಳೆ.

ಕಟ್ಟು ಎಲ್ಲಿ ಎಂದು ಕೇಳುವ ಧೈರ್ಯ ಬಹಳ ಹೊತ್ತಿನ ಮೇಲೆ ಬಂತು. ಎರಡು ಸಲ ಕಾಜಾ ಓರೆಯಾಯಿತಂತೆ, ಕಾಡಿಗೆ ಕಲೆಯೂ ಆಯಿತಂತೆ. ಕಾರ್ಖಾನೆಯ ಮಾಸ್ಟರ್ ಶರ್ಟುಗಳನ್ನು ಅವಳ ಮುಂದೆಯೇ ಎಸೆದು, ಬಾಯಿಗೆ ವಯಸ್ಸಾಗಲಿಲ್ಲ ಕಣ್ಣಿಗೆ ವಯಸ್ಸಾಯಿತು ಎಂದು ಹೇಳಿ, ಅವಳ ಪಾಲಿನ ಕಟ್ಟನ್ನು ಬೇರೆಯವರಿಗೆ ಕೊಟ್ಟನಂತೆ. ಅಪ್ಪ ಮರುದಿನ ತಾನೇ ಹೋಗಿ ಆ ಮಾಸ್ಟರನಿಗೆ ಗಾಜು, ಬೆಳಕು, ಡಿಫ್ಯೂಸು ಎಂದು ಮುಕ್ಕಾಲು ತಾಸು ವಿವರಿಸಿದ. ಅವನು ಚಹಾ ಕುಡಿಸಿ ಕಳಿಸಿದ. ಕಟ್ಟು ಕೊಡಲಿಲ್ಲ.

ನಾನು ಮೇಣಬತ್ತಿ ವಾಪಸು ತಂದಿಟ್ಟ ಆ ಸಂಜೆಯೇ ಅವಳು ನನ್ನ ಕೈಯಲ್ಲಿದ್ದ ಶರ್ಟಿಗೆ ಕೈ ಚಾಚಿದಳು. ನಾನು ಕೊಡಲಿಲ್ಲ, ಹಾಗೇ ಇರಲಿ ಎಂದೆ.

"ಕೊಡು ಇಲ್ಲಿ. ಗೊತ್ತಿದ್ದೂ ವಕ್ರ ಕಾಜಾ ಬಿಡುವುದುಂಟಾ? ಈಗ ಬೆಳಕುಂಟಲ್ಲ" ಎಂದಳು.

ಕೋಣೆಯ ನಡುವೆ ಕೂತು, ಹಳೆಯ ಹೊಲಿಗೆ ಬಿಚ್ಚಿ, ತೂತನ್ನು ಮುಚ್ಚಿ, ಅರ್ಧ ಬೆರಳು ಮೇಲೆ ಹೊಸದಾಗಿ ಹೊಲಿದಳು. ಕಣ್ಣಿಗೆ ವಯಸ್ಸಾಗಿರಲಿಲ್ಲ. ಕಾಜಾ ಮೊದಲಿನ ಹಾಗೆ ನೇರ ಬಂತು. ಅವಳ ಕೈಯಲ್ಲಿ ನಾನು ನೋಡಿದ ಕೊನೆಯ ಕಾಜಾ ಅದೇ.

ನಾನು ಪಾಸಾದೆ, ಸೆಕೆಂಡ್ ಕ್ಲಾಸು. ಆಲ್ಜಿಬ್ರಾದಲ್ಲಿ ಕಷ್ಟಪಟ್ಟು ಗಡಿ ದಾಟಿದ್ದೆ. ಗಿರಿಜಕ್ಕ ಅಣ್ಣನ ಮನೆಗೆ ಹೋಗಲಿಲ್ಲ, ಅದೊಂದು ಉಳಿಯಿತು. ಬಾಡಿಗೆಗೆಂದು ಮೂರನೆಯ ಮನೆಯ ಅಡಿಗೆ ಹಿಡಿದಳು. ಅದು ಸಂಜೆಯ ಅಡಿಗೆ. ನಾಲ್ಕಕ್ಕೆ ಹೋದರೆ ಮಲಗುವ ಹೊತ್ತಿಗೆ ಬರುತ್ತಿದ್ದಳು. ದಾರಿಯಲ್ಲಿ ಸಿಕ್ಕರೆ ಕಾಲೇಜು ಹೇಗೆ ನಡೆದಿದೆ ಎಂದು ಕೇಳುತ್ತಿದ್ದಳು, ಒಮ್ಮೆಯೂ ಆ ಮಾತೆತ್ತಲಿಲ್ಲ. ಒಂದು ಸಲ ಬೈದಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ.

ಆ ಮಬ್ಬುಗಾಜನ್ನು ಅಪ್ಪ ಪ್ರತಿ ಭಾನುವಾರ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಅವಳು ಮನೆಯಲ್ಲೇ ಇರುವುದಿಲ್ಲವಲ್ಲ, ಯಾಕೆ ಒರೆಸುತ್ತೀ ಎಂದು ಒಮ್ಮೆ ರೇಗಿ ಕೇಳಿದೆ. ಅವನು ಮೂಲೆಯ ಧೂಳು ತೆಗೆಯುತ್ತಿದ್ದ. ನಾವು ಆ ಚಾಳು ಬಿಡುವವರೆಗೂ ದಿನಾ ಸಂಜೆ ನಾನು ಬಲ್ಬಿನ ಕೆಳಗೆ ಓದುತ್ತ ಕೂತಿರುತ್ತಿದ್ದೆ, ಗೋಡೆಯಾಚೆ ಯಾರೂ ಇಲ್ಲದ ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸುವಷ್ಟು ಬೆಳಕು ಹರಡಿಕೊಂಡಿರುತ್ತಿತ್ತು.